ಅಂಚಿನ ಸಮುದಾಯದ ಒಬ್ಬರನ್ನು ಅಕಾಡೆಮಿ ಅಧ್ಯಕ್ಷರನ್ನಾಗಿ ಮಾಡಿದರೆ ನಿಜವಾಗಿ ಏನಾದರೂ ಬದಲಾಗುತ್ತದಾ?

ಬದಲಾಗುತ್ತದೆ, ಆದರೆ ನಾವು ಅಂದುಕೊಂಡಷ್ಟು ಅಲ್ಲ.

2021ರಲ್ಲಿ ಪದ್ಮಶ್ರೀ ತಗೊಳ್ಳುವಾಗ ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿ ಸೆರಗು ಹಿಡಿದು ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದ ವಿಡಿಯೊ ಎಲ್ಲರ ಫೋನಿಗೂ ಬಂದಿತ್ತು, ಅಲ್ವಾ? ನನಗೆ ಅದಕ್ಕಿಂತ ದೊಡ್ಡದು ಅನ್ನಿಸಿದ್ದು 2019. ಆ ವರ್ಷ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಲಿಂಗತ್ವ ಅಲ್ಪಸಂಖ್ಯಾತರೊಬ್ಬರು ಆ ಕುರ್ಚಿಯಲ್ಲಿ ಕೂತಿದ್ದು ಅದೇ ಮೊದಲು. ಯಲ್ಲಮ್ಮನ ಕೊಡ ಹೊತ್ತು ಬರುವ ಜೋಗತಿಯರಿಗೆ ಬಾಗಿಲಲ್ಲೇ ಪಡಿ ಹಾಕಿ ಕಳಿಸಿ ರೂಢಿಯಾದ ಊರುಗಳಿಗೆ ಇದು ಸಣ್ಣ ಸುದ್ದಿಯಲ್ಲ. ರಾಜ್ಯೋತ್ಸವ ಪ್ರಶಸ್ತಿ ಅವರಿಗೆ 2010ರಲ್ಲೇ ಬಂದಿತ್ತು. ಆದರೆ ಪ್ರಶಸ್ತಿ ತಗೊಂಡವರು ಶಾಲು ಹೊದ್ದು ಮನೆಗೆ ಹೋಗುತ್ತಾರೆ. ಮುಂದಿನ ಶಾಲು ಯಾರಿಗೆ ಅಂತ ಮಾತಾಡುವುದು ಅಧ್ಯಕ್ಷರು.

ತೊಂದರೆ ಏನೆಂದರೆ ಕುರ್ಚಿಯ ಅವಧಿ ಸಾಮಾನ್ಯವಾಗಿ ಮೂರೇ ವರ್ಷ. ಸರ್ಕಾರ ಬದಲಾದರೆ ಅದೂ ಗ್ಯಾರಂಟಿ ಇಲ್ಲ. ಕಚೇರಿಯ ಹಳೇ ಪದ್ಧತಿ ಮಾತ್ರ ಅಲ್ಲಾಡುವುದಿಲ್ಲ.

ಯಾವುದಾದರೂ ಉತ್ಸವದ ಆಹ್ವಾನ ಪತ್ರಿಕೆ ತೆಗೆದು ನೋಡಿ. ಶಾಸ್ತ್ರೀಯ ಗಾಯಕರ ಹೆಸರಿರುತ್ತದೆ, ತಬಲಾದವರ ಹೆಸರೂ ಇರುತ್ತದೆ. ಅದರ ಕೆಳಗೆ ಸುಮ್ನೆ 'ಡೊಳ್ಳು ಕುಣಿತ, ವೀರಗಾಸೆ ಹಾಗೂ ಇತರ ಜಾನಪದ ತಂಡಗಳು'. ಇದರ ಏಟು ಬೀಳುವುದು ವಯಸ್ಸಾದ ಮೇಲೆ. ನಮ್ಮ ಕಡೆಯ ಹಿರಿಯ ವೀರಗಾಸೆ ಕಲಾವಿದರೊಬ್ಬರ ಮಾಸಾಶನದ ಅರ್ಜಿ ತುಂಬಲು ಕೂತಿದ್ದೆ. ಕಾರ್ಯಕ್ರಮ ಕೊಟ್ಟಿದ್ದಕ್ಕೆ ದಾಖಲೆ ಬೇಕಿತ್ತು. ಅವರು ಪ್ಲಾಸ್ಟಿಕ್ ಕವರಿನಿಂದ ಒಂದು ಫೋಟೊ ತೆಗೆದರು. ಮುಂದೆ ಹಾರ ಹಾಕಿಕೊಂಡ ಅತಿಥಿಗಳು, ಹಿಂದೆ ಇವರ ಅರ್ಧ ಮುಖ. ಜೀವಮಾನವಿಡೀ ಕುಣಿದವರು ಕುಣಿದಿದ್ದೇ ಸುಳ್ಳೇನೋ ಅನ್ನುವ ಹಾಗಾಯ್ತು.

ಪದ್ಧತಿ ಬದಲಾಯಿಸಲು ಆಗುವುದೇ ಇಲ್ಲ ಅಂತಲ್ಲ. ದರೋಜಿ ಈರಮ್ಮ ಬುಡ್ಗ ಜಂಗಮ ಅಲೆಮಾರಿ ಸಮುದಾಯದವರು, ಹಾಡುತ್ತಾ ಕಥೆ ಹೇಳುವ ಬುರ್ರಕಥೆಯ ಕಲಾವಿದೆ. ಅಕ್ಷರ ಬರುತ್ತಿರಲಿಲ್ಲ, ಉದ್ದುದ್ದ ಕಾವ್ಯಗಳೆಲ್ಲ ಬಾಯಲ್ಲೇ. ಅವರಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಪದವಿ ಕೊಟ್ಟಿತು. ಓದಿದವರ ಮನೆಯೇ ಓದದವರ ವಿದ್ಯೆಯನ್ನು ಒಪ್ಪಿಕೊಂಡಿತು.

ನನ್ನನ್ನು ಕೇಳಿದರೆ, ಅಧ್ಯಕ್ಷರು ಯಾರೇ ಬರಲಿ, ಆಹ್ವಾನ ಪತ್ರಿಕೆಯಲ್ಲಿ ತಂಡದ ಅಷ್ಟೂ ಜನರ ಹೆಸರು, ಊರು ಹಾಕುವ ನಿಯಮ ಮೊದಲು ಆಗಲಿ. ಜಾಗ ಸಾಲದಿದ್ದರೆ ಗಣ್ಯರ ಪಟ್ಟಿಯಲ್ಲಿ ನಾಲ್ಕು ಹೆಸರು ಕಡಿಮೆ ಮಾಡಿದರಾಯ್ತು.