ಒಂದು ಹನಿ ರಕ್ತ ಸಾಕಾ?

ಪ್ರಶ್ನೆ: ನನ್ನ ಅತ್ತೆಗೆ 64 ವರ್ಷ. ಎಲೆಯಡಿಕೆ ಇಲ್ಲದೆ ಅವರಿಗೆ ಆಗುವುದೇ ಇಲ್ಲ, ಹೊಗೆಸೊಪ್ಪೂ ಬೇಕು. ಸಕ್ಕರೆ ನೋಡುವ ಮೆಷಿನ್ ಹಾಗೆ ಒಂದು ಹನಿ ರಕ್ತದಲ್ಲಿ ಯಾವ ಕ್ಯಾನ್ಸರನ್ನಾದರೂ ಮೊದಲೇ ಹೇಳುವ ಅಗ್ಗದ ಬಯೋಸೆನ್ಸರ್ ಬಂದಿದೆ ಎಂದು ವಾಟ್ಸಾಪ್‌ನಲ್ಲಿ ವಿಡಿಯೊ ನೋಡಿದೆ. ಪ್ರತಿ ಸಲ ಮಂಗಳೂರಿಗೆ ಹೋಗಿ ಬರುವುದು ಕಷ್ಟ. ತರಿಸಬಹುದಾ?
– ಓದುಗರೊಬ್ಬರು, ಪೆರ್ಲ

ಉತ್ತರ: ದುಡ್ಡು ಕಳಿಸಬೇಡಿ ಅಕ್ಕಾ. ಮನೆಯಲ್ಲೇ ಕೂತು ಒಂದು ಹನಿ ರಕ್ತದಿಂದ ಎಲ್ಲ ಕ್ಯಾನ್ಸರನ್ನೂ ಹೇಳುವ, ನಂಬಬಹುದಾದ ಪರೀಕ್ಷೆಯ ಪಟ್ಟಿ (ಸ್ಟ್ರಿಪ್) ಇನ್ನೂ ಬಂದಿಲ್ಲ.

ಹಾಗಂತ ಬಯೋಸೆನ್ಸರ್ ಸುಳ್ಳಲ್ಲ. ಸಕ್ಕರೆ ಮೆಷಿನ್ನೇ ಒಂದು ಬಯೋಸೆನ್ಸರ್. ಅದಕ್ಕೆ ದಾರಿ ಮಾಡಿದ್ದು 1962ರಲ್ಲಿ ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್. ಪಟ್ಟಿಯ ತುದಿಗೆ ಬೆರಳು ತಾಗಿಸಿದ ಕೂಡಲೇ ಅದು ರಕ್ತವನ್ನು ಒಳಗೆ ಎಳೆದುಕೊಳ್ಳುತ್ತದೆ ಅಲ್ವಾ, ಅಲ್ಲಿ ಒಂದು ಕಿಣ್ವ (ಎನ್‌ಜೈಮ್) ಸವರಿರುತ್ತಾರೆ, ಅದು ಸಕ್ಕರೆಯ ಮೇಲೆ ಕೆಲಸ ಮಾಡಿದಾಗ ಹುಟ್ಟುವ ಚೂರು ಕರೆಂಟನ್ನು ಮೆಷಿನ್ ಅಳೆಯುತ್ತದೆ. ಕ್ಯಾನ್ಸರ್ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಿಣ್ವದ ಬದಲು, ಗಡ್ಡೆಯಿಂದ ರಕ್ತಕ್ಕೆ ಬರುವ ಪ್ರೋಟೀನನ್ನು ಹಿಡಿಯುವ ಆಂಟಿಬಾಡಿ ಇರುತ್ತದೆ.

ತೊಡಕು ಇರುವುದು ಇಲ್ಲೇ. ಒಂದು ಮಿಲಿಲೀಟರ್ ರಕ್ತದಲ್ಲಿ ಸಕ್ಕರೆ ಸುಮಾರು 1 ಮಿಲಿಗ್ರಾಂ ಇರುತ್ತದೆ. ಗಂಡಸರ ಪ್ರಾಸ್ಟೇಟ್ ಗ್ರಂಥಿಯ ಪರೀಕ್ಷೆಯಲ್ಲಿ ನೋಡುವ ಪ್ರೋಟೀನ್ ಪಿಎಸ್‌ಎ 4 ನ್ಯಾನೊಗ್ರಾಂ ದಾಟಿದರೆ ಡಾಕ್ಟರು ಹುಬ್ಬು ಏರಿಸುತ್ತಾರೆ. ಅಂದರೆ ಸಕ್ಕರೆಗಿಂತ ಎರಡೂವರೆ ಲಕ್ಷ ಪಾಲು ಕಡಿಮೆ. ಅಷ್ಟು ಕಡಿಮೆ ಇರುವುದನ್ನು ಅಗ್ಗದ ಪಟ್ಟಿಯಲ್ಲಿ ಹಿಡಿಯಲು ಎಷ್ಟೋ ಕಡೆ ನಿಜವಾಗಿ ಕಷ್ಟಪಡುತ್ತಿದ್ದಾರೆ, ಬಾಯಿಯ ಕ್ಯಾನ್ಸರಿಗೆ ಜೊಲ್ಲಿನಲ್ಲೇ ಗುರುತು ಹುಡುಕುವ ಕೆಲಸವೂ ನಡೆದಿದೆ. ಅದು ಕೈಗೂಡಲಿ ಎಂದು ನನಗೆ ತುಂಬಾ ಆಸೆ ಇದೆ.

ಹಿಡಿದರೂ ಮುಗಿಯಲಿಲ್ಲ. ವಯಸ್ಸಾದವರಲ್ಲಿ ಪ್ರಾಸ್ಟೇಟ್ ಸುಮ್ನೆ ದಪ್ಪಗಾದರೂ ಪಿಎಸ್‌ಎ ಏರುತ್ತದೆ. ಅಂಡಾಶಯದ ಕ್ಯಾನ್ಸರಿಗೆ ನೋಡುವ ಪ್ರೋಟೀನ್ ಸಿಎ-125 ಮುಟ್ಟಿನ ದಿನಗಳಲ್ಲೂ ಏರಬಹುದು. ನೂರಕ್ಕೆ 95 ಸಲ ಸರಿ ಹೇಳುವ ಪಟ್ಟಿ ಅಂತಲೇ ಇಟ್ಟುಕೊಳ್ಳಿ. ಹತ್ತು ಸಾವಿರ ಜನರಲ್ಲಿ 10 ಜನರಿಗೆ ಕಾಯಿಲೆ ಇದ್ದರೆ, ಏನೂ ಇಲ್ಲದ ಸುಮಾರು 500 ಜನರಿಗೂ ಅದು 'ಇದೆ' ಎಂದುಬಿಡುತ್ತದೆ. ಅವರೆಲ್ಲ ಹೆದರಿಕೊಂಡು ಮಂಗಳೂರಿನ ಬಸ್ಸು ಹತ್ತಬೇಕು. ಇನ್ನು ಕಾಯಿಲೆ ಇದ್ದವರಿಗೆ 'ಇಲ್ಲ' ಎಂದರೆ, ಅವರು ನೆಮ್ಮದಿಯಾಗಿ ಇನ್ನೊಂದು ವರ್ಷ ಕಳೆದುಬಿಡುತ್ತಾರೆ. ನನಗೆ ಜಾಸ್ತಿ ಹೆದರಿಕೆ ಇದರದ್ದೇ.

ಕಡಿಮೆ ಖರ್ಚಿನಲ್ಲಿ ಈಗಲೇ ಕೆಲಸಕ್ಕೆ ಬರುವಂಥವೂ ಇವೆ. ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಹುಡುಕುವ ಪರೀಕ್ಷೆ ಕರುಳಿನ ಕ್ಯಾನ್ಸರಿಗೆ. ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ಕಾರಣವಾಗುವ ವೈರಸ್ ಹುಡುಕುವ ಎಚ್‌ಪಿವಿ ಪರೀಕ್ಷೆ ಇದೆ, ಅದಕ್ಕೆ ಮಾದರಿಯನ್ನು ಹೆಂಗಸರು ತಾವೇ ತೆಗೆದುಕೊಡಬಹುದು. ಇದನ್ನು ನೀವೂ ಕೇಳಿ ಮಾಡಿಸಿಕೊಳ್ಳಿ.

ಆದರೆ ನಿಮ್ಮ ಅತ್ತೆಗೆ ಬೇಕಾದದ್ದು ಟಾರ್ಚು. ಬಾಯಿ ಮುಕ್ಕಳಿಸಿ, ಹಲ್ಲಿನ ಸೆಟ್ ಇದ್ದರೆ ತೆಗೆದಿಟ್ಟು, ಬೆಳಗ್ಗಿನ ಬೆಳಕಿಗೆ ಜಗಲಿಯಲ್ಲಿ ಕೂರಿಸಿ. ಕೆನ್ನೆಯ ಒಳಗೆ, ನಾಲಗೆಯ ಅಡಿ, ಮುಖ್ಯವಾಗಿ ಎಲೆ ಅದುಮಿ ಇಡುವ ಬದಿ ನೋಡಿ. ಒರಸಿದರೂ ಹೋಗದ ಬಿಳಿ ಅಥವಾ ಕೆಂಪು ಕಲೆ, ಎರಡು ವಾರವಾದರೂ ಮಾಯದ ಹುಣ್ಣು, ಗಟ್ಟಿ ಗಂಟು ಇದೆಯಾ? ಸಾರು ತಾಗಿದರೆ ಉರಿಯುತ್ತದಾ? ಅವರದ್ದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿದರೆ ಬಾಯೊಳಗೆ ಹಿಡಿಸದೆ ಹೋಗುತ್ತದಾ? ಇವುಗಳಲ್ಲಿ ಒಂದಿದ್ದರೂ ಆ ವಾರವೇ ಹತ್ತಿರದ ಕುಟುಂಬ ಆರೋಗ್ಯ ಕೇಂದ್ರಕ್ಕೋ ಹಲ್ಲಿನ ಡಾಕ್ಟರ ಹತ್ತಿರವೋ ಕರೆದುಕೊಂಡು ಹೋಗಿ. ಏನೂ ಕಾಣದಿದ್ದರೂ ಒಮ್ಮೆ ಅವರಿಂದಲೇ ನೋಡಿಸಿ.

ಇಷ್ಟರಿಂದ ಏನಾಗುತ್ತದೆ ಅನ್ನಬೇಡಿ. ನಮ್ಮದೇ ರಾಜ್ಯ ಕೇರಳದ ತಿರುವನಂತಪುರದಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದ್ದರು. 2005ರಲ್ಲಿ ಪ್ರಕಟವಾದ ಲೆಕ್ಕದಂತೆ ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದು ಪಾಲು ಕಡಿಮೆಯಾಯಿತು.

ಇನ್ನೊಂದು ಮಾತು, ಅಡಿಕೆ ತೋಟದ ನಡುವೆ ಬದುಕುವವರಿಗೆ ಇದನ್ನು ಹೇಳಲು ನನಗೂ ಸಂಕಟ. ಹೊಗೆಸೊಪ್ಪು ಬಿಟ್ಟರೆ ಸಾಕು ಎಂದುಕೊಳ್ಳಬೇಡಿ, ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ಒಂದೇ ದಿನಕ್ಕೆ ಎಲೆಯಡಿಕೆಯ ಹರಿವಾಣ ಎತ್ತಿಟ್ಟರೆ ಅತ್ತೆಗೆ ಕೋಪ ಬರಬಹುದು. ಮೊದಲು ಹೊಗೆಸೊಪ್ಪು, ಆಮೇಲೆ ರಾತ್ರಿ ಮಲಗುವ ಮುಂಚಿನ ಎಲೆ, ಹಾಗೆ ಒಂದೊಂದಾಗಿ ಬಿಡಿಸಿ. ಬಾಯಿ ತೋರಿಸಲು ನಾಚಿಕೊಂಡರೆ ಟಾರ್ಚು ಅವರ ಕೈಗೆ ಕೊಟ್ಟು ಮೊದಲು ನಿಮ್ಮ ಬಾಯಿ ನೋಡಲು ಹೇಳಿ.