ವಾಚಿನ ಚರ್ಮದ ಬೆಲ್ಟ್ ಒಂದು ವರ್ಷವೂ ಬಾಳುತ್ತಿಲ್ಲ, ಏನು ಮಾಡಬೇಕು?

ನಿಮ್ಮ ಪ್ರಶ್ನೆಯಲ್ಲಿ ಮೂರು ದೂರುಗಳಿವೆ. ತಂದೆಯವರ ಎಚ್‌ಎಂಟಿ ವಾಚಿಗೆ ಹಾಕಿಸಿದ ಚರ್ಮದ ಬೆಲ್ಟ್ ಏಳೆಂಟು ತಿಂಗಳಲ್ಲಿ ಬಿರುಕು ಬಿಡುತ್ತದೆ, ಬೇಸಿಗೆಯಲ್ಲಿ ನಾರುತ್ತದೆ, ಬಕಲಿನ ಸಂದಿಯಲ್ಲಿ ಹಸಿರು ಕೂರುತ್ತದೆ. ಕೊಬ್ಬರಿ ಎಣ್ಣೆ ಸವರಬಹುದೇ ಎಂದು ಕೊನೆಗೆ ಕೇಳಿದ್ದೀರಿ. ಆ ಕೊನೆಯದರಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದನ್ನು ನಾನು ಮಾಡಿ ಕೆಟ್ಟವನು.

ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ನನ್ನ ಸೋದರಮಾವನಿಗೆ ಗಡಿಯಾರ ರಿಪೇರಿಯ ಅಂಗಡಿ ಇತ್ತು. ಅಂಗಡಿ ಎಂದರೆ ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು, ಒಂದು ಬಲ್ಬು. ಶಾಲೆಯ ರಜೆ ಪೂರ್ತಿ ಅಲ್ಲಿ ಕೂರುತ್ತಿದ್ದೆ. ವಾಚಿನ ಒಳಗಿನ ಯಂತ್ರ ಮುಟ್ಟಲು ಮಾವ ಬಿಡುತ್ತಿರಲಿಲ್ಲ. ಬೆಲ್ಟ್ ಬಿಚ್ಚುವುದು, ಪಿನ್ ಹಾಕುವುದು, ತೂತು ಹೊಡೆಯುವುದು ಇಷ್ಟೇ ನನ್ನ ಪಾಲಿನ ಕೆಲಸ. ಆ ಕಲಿಕೆಯ ಧೈರ್ಯದಲ್ಲಿ, ಮುಂದೆ ನೌಕರಿ ಸಿಕ್ಕಾಗ ಕೊಂಡ ಮೊದಲ ಒಳ್ಳೆಯ ಬೆಲ್ಟಿಗೆ ನಾನು ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ಹಚ್ಚತೊಡಗಿದೆ. ನಮ್ಮ ಮನೆಯಲ್ಲಿ ಹೊಸ ಚಪ್ಪಲಿಗೆ ಎಣ್ಣೆ ಕುಡಿಸುವುದು ರೂಢಿ, ಚಪ್ಪಲಿಗೆ ಆದದ್ದು ಬೆಲ್ಟಿಗೆ ಏಕಾಗಬಾರದು ಎಂಬ ತರ್ಕ. ಎರಡನೆಯ ತಿಂಗಳಿಗೆ ಬೆಲ್ಟ್ ಕಪ್ಪಾಯಿತು, ಅಂಗಿಯ ತೋಳಿಗೆ ಕಲೆ ಹತ್ತಿತು, ಮೂರನೆಯ ತಿಂಗಳಿಗೆ ಒಳಪದರ ಹೋಳಿಗೆಯ ಹಾಗೆ ಬಿಟ್ಟುಕೊಂಡಿತು.

ತರ್ಕ ತಪ್ಪಿದ್ದು ಎಲ್ಲಿ ಎಂದು ಮಾವ ಆಮೇಲೆ ಬಿಡಿಸಿ ಹೇಳಿದ. ನಮ್ಮ ಕಡೆಯ ಚಪ್ಪಲಿಯ ಚರ್ಮವನ್ನು ಜಾಲಿಯ ತೊಗಟೆ, ಅಳಲೆಕಾಯಿಗಳ ಒಗರಿನಲ್ಲಿ ಹದ ಮಾಡಿರುತ್ತಾರೆ. (ಕೊಲ್ಲಾಪುರಿ ಚಪ್ಪಲಿ ಎಂದು ಹೆಸರಾದರೂ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರಗಳೂ ಇವೆ. ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.) ಆ ಚರ್ಮ ದಪ್ಪ, ಹೊಲಿಗೆಯೂ ಚರ್ಮದ ದಾರದ್ದೇ. ಎಷ್ಟು ಎಣ್ಣೆ ಕೊಟ್ಟರೂ ಕುಡಿದು ಮೆತ್ತಗಾಗುತ್ತದೆ. ವಾಚಿನ ಬೆಲ್ಟ್ ಹಾಗಲ್ಲ. ಮೇಲೊಂದು ತೆಳು ಚರ್ಮ, ಕೆಳಗೊಂದು ತೆಳು ಪದರ, ಹೆಚ್ಚಿನವುಗಳಲ್ಲಿ ನಡುವೆ ಉಬ್ಬು ಬರಲೆಂದು ತುಂಬಿದ ಮೆತ್ತೆ, ಎಲ್ಲವನ್ನೂ ಹಿಡಿದಿರುವುದು ಅಂಟು. ಎಣ್ಣೆ ಇಳಿದರೆ ಮೊದಲು ಸಡಿಲಾಗುವುದೇ ಆ ಅಂಟು. ಸಾಲದ್ದಕ್ಕೆ ಚರ್ಮದೊಳಗೆ ಉಳಿದ ಅಡುಗೆ ಎಣ್ಣೆ ದಿನ ಕಳೆದಂತೆ ಕಮಟುತ್ತದೆ. ನಿಮ್ಮ ಬೆಲ್ಟ್ ಈಗಲೇ ನಾರುತ್ತಿದೆ, ಅದಕ್ಕೆ ಇನ್ನೊಂದು ವಾಸನೆ ಏಕೆ?

ಬಿರುಕಿಗೆ ಎಣ್ಣೆಯ ಕೊರತೆ ಕಾರಣ ಎಂದು ಎಲ್ಲರೂ ತಿಳಿಯುತ್ತಾರೆ. ನಾನು ಕಂಡಂತೆ ಹೆಚ್ಚಿನ ಬೆಲ್ಟುಗಳನ್ನು ಕೊಲ್ಲುವುದು ಬೆವರು. ಚರ್ಮವನ್ನು ಹದ ಮಾಡುವಾಗಲೇ ಅದರ ನಾರುಗಳ ನಡುವೆ ಜಿಡ್ಡು ಸೇರಿಸಿರುತ್ತಾರೆ, ಬಾಗಲು ಅನುವಾಗಲಿ ಎಂದು. ಬೆವರಿನಲ್ಲಿ ತೊಯ್ದು ಒಣಗಿ, ಮತ್ತೆ ತೊಯ್ದು ಒಣಗಿ, ಆ ಜಿಡ್ಡು ಸ್ವಲ್ಪ ಸ್ವಲ್ಪವಾಗಿ ಹೊರಗೆ ಹೋಗುತ್ತದೆ. ಉಪ್ಪು ಮಾತ್ರ ಒಳಗೆ ಉಳಿಯುತ್ತದೆ. ಚರ್ಮ ಸೆಟೆಯುತ್ತದೆ. ಸೆಟೆದದ್ದನ್ನು ದಿನಕ್ಕೆರಡು ಸಲ ಅದೇ ತೂತಿನ ಬಳಿ ಬಗ್ಗಿಸಿದರೆ ಅಲ್ಲೇ ಸೀಳುತ್ತದೆ. ನಿಮ್ಮದು ಬಿರುಕು ಬಿಟ್ಟದ್ದು ಬಕಲಿನ ನಾಲಗೆ ಕೂರುವ ತೂತಿನ ಆಸುಪಾಸಿನಲ್ಲೇ ಎಂದು ನೋಡದೆಯೇ ಹೇಳಬಲ್ಲೆ.

ಹಾಗಾಗಿ ಮಾಡಬೇಕಾದದ್ದು ಬಹಳ ಸರಳ, ಬೇಸರ ತರುವಷ್ಟು ಸರಳ. ರಾತ್ರಿ ವಾಚು ಬಿಚ್ಚಿದೊಡನೆ ಬೆಲ್ಟಿನ ಒಳಮೈಯನ್ನು ಹಳೆಯ ಬನಿಯನ್ನಿನ ತುಂಡಿನಿಂದ ಒರೆಸಿ. ಬೇಸಿಗೆಯಲ್ಲಿ ಆ ತುಂಡನ್ನು ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿ ಒಮ್ಮೆ, ಒಣಬಟ್ಟೆಯಿಂದ ಇನ್ನೊಮ್ಮೆ. ಬಕಲ್ ಬಿಚ್ಚಿಯೇ ಇಡಿ, ಗಾಳಿಯಾಡುವ ಕಡೆ ಇಡಿ, ಕಪಾಟಿನೊಳಗೆ ಬೇಡ. ಎರಡು ಬೆಲ್ಟ್ ಅಥವಾ ಎರಡು ವಾಚು ಇದ್ದರೆ ದಿನ ಬಿಟ್ಟು ದಿನ ಕಟ್ಟಿ. ಒಳಗಿನ ಪಸೆ ಪೂರ್ತಿ ಆರಲು ಒಂದು ರಾತ್ರಿ ಸಾಲದು. ತೊಯ್ದರೆ ನೆರಳಿನಲ್ಲಿ ಒಣಗಿಸಿ. ಹಂಚಿನ ಮೇಲಿನ ಬಿಸಿಲು, ಕೂದಲು ಒಣಗಿಸುವ ಯಂತ್ರ ಎರಡೂ ಚರ್ಮವನ್ನು ಹಪ್ಪಳ ಮಾಡುತ್ತವೆ. ಸ್ಯಾನಿಟೈಸರ್, ಸೆಂಟು ಹಚ್ಚಿಕೊಂಡರೆ ಅದು ಆರಿದ ಮೇಲೆ ವಾಚು ಕಟ್ಟಿ. ಬಿಗಿಯಾಗಿಯೂ ಕಟ್ಟಬೇಡಿ, ಕಿರುಬೆರಳು ತೂರುವಷ್ಟು ಸಡಿಲವಿರಲಿ. ಏಪ್ರಿಲ್ ಮಧ್ಯಾಹ್ನ ಹುಬ್ಬಳ್ಳಿಯ ಬಿಸಿಲಿಗೆ ಮಣಿಕಟ್ಟೂ ತುಸು ಉಬ್ಬುತ್ತದೆ. ವಾಚಿನ ಬೆನ್ನಿಗೆ ಬರೆದಿರುವ ನೀರು ನಿರೋಧಕ ಎಂಬ ಮಾತು ಕೇಸಿಗೆ, ಅಂದರೆ ಯಂತ್ರವಿರುವ ಡಬ್ಬಿಗೆ ಮಾತ್ರ ಸೇರಿದ್ದು, ಬೆಲ್ಟಿಗೆ ಅಲ್ಲ.

ಮಳೆಗಾಲಕ್ಕೆ ನನ್ನದು ಒಂದೇ ಸಲಹೆ: ಚರ್ಮ ಕಟ್ಟಲೇಬೇಡಿ. ನೀವು ಹುಬ್ಬಳ್ಳಿಯವರು, ನಿಮಗೆ ಜೋರು ಮಳೆ ಬಂದು ಹೋಗುತ್ತದೆ. ನಾನಿರುವ ಧಾರವಾಡದಲ್ಲಿ ಜುಲೈ ಪೂರ್ತಿ ಜಿಟಿಜಿಟಿ. ಒಣಹಾಕಿದ ಬಟ್ಟೆ ಮೂರು ದಿನ ಆರುವುದಿಲ್ಲ, ಬೆಲ್ಟ್ ಎಲ್ಲಿ ಆರೀತು? ಜೂನ್ ಮೊದಲ ವಾರ ನಾನು ಚರ್ಮದ್ದನ್ನು ಬಿಚ್ಚಿ, ಒರೆಸಿ, ಒಂದು ದಿನ ಗಾಳಿಗೆ ಬಿಟ್ಟು, ಹತ್ತಿಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿ ಇಡುತ್ತೇನೆ. ಬೂಟಿನ ಪೆಟ್ಟಿಗೆಯಲ್ಲಿ ಬರುವ ಸಿಲಿಕಾದ ಪುಟ್ಟ ಪೊಟ್ಟಣ ಎರಡು ಜೊತೆಗೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ದಸರೆಗೆ ತೆಗೆದಾಗ ಬಿಳಿಯ ಬೂಷ್ಟು ಖಂಡಿತ. ಬಂದೇಬಿಟ್ಟರೆ ಮನೆಯ ಹೊರಗೆ ನಿಂತು ಒಣಬಟ್ಟೆಯಲ್ಲಿ ಒರೆಸಿ, ನೆರಳಿನಲ್ಲಿ ಎರಡು ದಿನ ಗಾಳಿಯಾಡಿಸಿ. ಆ ನಾಲ್ಕು ತಿಂಗಳು ಕೈಗೆ ನೈಲಾನ್ ಬೆಲ್ಟ್. ಚೆಂದವೇನಲ್ಲ, ಆದರೆ ಸೋಪು ಹಾಕಿ ಒಗೆಯಬಹುದು.

ಇನ್ನು ಪೋಷಣೆ. ಚರ್ಮಕ್ಕೆಂದೇ ಮಾಡಿದ, ಜೇನುಮೇಣ ಇರುವ ಕ್ರೀಮು ಬೂಟಿನ ಅಂಗಡಿಗಳಲ್ಲಿ ಸಿಗುತ್ತದೆ. ವರ್ಷಕ್ಕೆ ಎರಡು ಸಲ, ಸಲಕ್ಕೆ ಒಂದು ಜೋಳದ ಕಾಳಿನಷ್ಟು ಸಾಕು. ಮೇಲ್ಮೈಗೆ ಮಾತ್ರ ತಿಕ್ಕಿ, ಒಂದು ಗಂಟೆ ಬಿಟ್ಟು ಒರೆಸಿ ತೆಗೆಯಿರಿ. ಮೊದಲು ಬೆಲ್ಟಿನ ಹಿಂಬದಿಯ ಮೂಲೆಗೆ ಹಚ್ಚಿ ಬಣ್ಣ ಬದಲಾಗುತ್ತದೆಯೇ ನೋಡಿಕೊಳ್ಳಿ. ಮಖಮಲ್ಲಿನಂತೆ ನವಿರು ಎಬ್ಬಿಸಿದ ಚರ್ಮಕ್ಕೆ ಇದೂ ಬೇಡ, ಒಣ ಬ್ರಷ್ ಸಾಕು. ಬೂಟಿನ ಪಾಲಿಶ್ ಯಾವ ಬೆಲ್ಟಿಗೂ ಬೇಡ, ಅದು ನಿಮ್ಮ ಅಂಗಿಗೆ ಹೋಗಿ ಸೇರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಅನುಮಾನ. ನಿಮ್ಮದು ಚರ್ಮವೇ ಹೌದೇ? ಅಸಲಿ ಚರ್ಮ ಎಂದು ಒಬ್ಬ ಅಂಗಡಿಯಾತ ನನಗೆ ಕೊಟ್ಟದ್ದು ಆರು ತಿಂಗಳಿಗೆ ಸುಟ್ಟ ಚರ್ಮದಂತೆ ಸುಲಿಯತೊಡಗಿತು. ಕೆಳಗೆ ಬಟ್ಟೆಯ ನೇಯ್ಗೆ ಕಂಡಿತು. ಬೆಲ್ಟಿನ ಮೇಲಿನ ಮುದ್ರೆಯನ್ನು ನಂಬಬೇಡಿ, ಅಂಚನ್ನೂ ತೂತಿನ ಒಳಗನ್ನೂ ನೋಡಿ. ಎಳೆಎಳೆಯಾಗಿ ನಾರು ಕಂಡರೆ ಚರ್ಮ. ಮೇಲೆ ಪ್ಲಾಸ್ಟಿಕ್ಕಿನ ತೆಳು ಪೊರೆ, ಕೆಳಗೆ ಪುಡಿಯಂಥ ತಿರುಳು ಕಂಡರೆ ಅದು ಚೂರುಗಳನ್ನು ಅರೆದು ಅಂಟಿಸಿದ್ದು ಅಥವಾ ಬರೀ ರೆಕ್ಸಿನ್. ಅದಕ್ಕೆ ಯಾವ ಕ್ರೀಮೂ ಇಳಿಯುವುದಿಲ್ಲ, ಯಾವ ಆರೈಕೆಯೂ ನಾಟುವುದಿಲ್ಲ. ಮೆತ್ತೆ ತುಂಬಿದ ಬೆಲ್ಟಿನೊಳಗೆ ಒಮ್ಮೆ ವಾಸನೆ ಇಳಿದಿದ್ದರೆ ಅದನ್ನೂ ಬಿಟ್ಟುಬಿಡಿ. ಮುಂದಿನ ಸಲ ಮೆತ್ತೆ ಇಲ್ಲದ, ಚಪ್ಪಟೆಯಾದ ಬೆಲ್ಟ್ ಕೇಳಿ, ಬೇಗ ಆರುತ್ತದೆ.

ಬಕಲಿನ ಹಸಿರಿಗೆ ಬರೋಣ. ಅದು ಕಿಲುಬು, ನಿಮ್ಮ ಮನೆಯ ಹಿತ್ತಾಳೆಯ ಕೊಡಕ್ಕೆ ಬರುವುದೇ. ಅಗ್ಗದ ಬಕಲ್ ಎಂದರೆ ಹಿತ್ತಾಳೆಯ ಮೇಲೆ ನಿಕಲ್ಲಿನ ತೆಳು ಲೇಪ. ಲೇಪ ಸವೆದ ಕಡೆ ಹಿತ್ತಾಳೆಯಲ್ಲಿರುವ ತಾಮ್ರಕ್ಕೆ ಬೆವರು ಮತ್ತು ಚರ್ಮದ ಜಿಡ್ಡು ತಾಗಿ ಹಸಿರಾಗುತ್ತದೆ. ಕೊಡಕ್ಕೆ ಮಾಡುವಂತೆ ಹುಣಸೆಹಣ್ಣು ಅಥವಾ ದೇವರ ಸಾಮಾನು ತಿಕ್ಕುವ ಪುಡಿ ಹಾಕಿದರೆ ಆ ದಿನ ಥಳಥಳ ಹೊಳೆಯುತ್ತದೆ, ಆದರೆ ಉಳಿದ ಲೇಪವೂ ಹೋಗುತ್ತದೆ. ಚಿನ್ನದ ನೀರು ಕೊಟ್ಟ ಬಕಲಾದರೆ ಚಿನ್ನವೂ ಹೋಯಿತು. ಬಕಲನ್ನು ಬೆಲ್ಟಿನಿಂದ ಬಿಚ್ಚಿ, ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಹಾಕಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಸಂದಿಯ ಹಸಿರನ್ನು ಹಲ್ಲುಕಡ್ಡಿಯಿಂದ ಕೆರೆಯಿರಿ. ಪೂರ್ತಿ ಒಣಗಿದ ಮೇಲೆ ಮಾತ್ರ ಮರಳಿ ಹಾಕಿ. ಮತ್ತೆ ಮತ್ತೆ ಬರುತ್ತಿದ್ದರೆ ಸ್ಟೀಲಿನ ಬಕಲ್ ಹಾಕಿಸಿ. ಬಕಲ್ ತಾಗುವಲ್ಲಿ ಕೆಂಪಗಾಗಿ ತುರಿಸುತ್ತಿದ್ದರಂತೂ ಇಂದೇ ಬದಲಿಸಿ, ನಿಕಲ್ ಒಗ್ಗದವರಿದ್ದಾರೆ.

ಬೆಲ್ಟಿನ ಮೇಲೆ ಬಕಲಿನ ಅಚ್ಚಿನಂತೆ ನೀಲಿಗಪ್ಪು ಕಲೆ ಬಿದ್ದಿದ್ದರೆ ಅದು ಕಿಲುಬಲ್ಲ. ತೊಗಟೆಯಲ್ಲಿ ಹದ ಮಾಡಿದ ಚರ್ಮದ ಒಗರಿಗೆ ತುಕ್ಕು ಹಿಡಿದ ಕಬ್ಬಿಣ ಮತ್ತು ನೀರು ಸೇರಿದಾಗ ಹಾಗಾಗುತ್ತದೆ. ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿಸಿ ಹಿಂದಿನವರು ಬರೆಯುವ ಮಸಿ ಮಾಡುತ್ತಿದ್ದದ್ದು ಇದೇ ಗುಣದಿಂದ. ಅಂದರೆ ನಿಮ್ಮ ಬೆಲ್ಟಿನ ಮೇಲೆ ಬಿದ್ದದ್ದು ಮಸಿಯೇ, ಹೋಗುವುದಿಲ್ಲ.

ಬಕಲಿನ ಬದಲು ಮೂರು ಮಡಿಕೆಯಾಗಿ ಮಡಚುವ ಲೋಹದ ಕ್ಲಾಸ್ಪ್ ಹಾಕಿಸಲೇ ಎಂದೂ ಕೇಳಿದ್ದೀರಿ. ಬೆಲ್ಟಿನ ದೃಷ್ಟಿಯಿಂದ ಒಳ್ಳೆಯದೇ. ಒಮ್ಮೆ ಅಳತೆ ಕೂರಿಸಿದರೆ ದಿನವೂ ಬಾಗುವುದು ಲೋಹ, ಚರ್ಮವಲ್ಲ. ಬಿಚ್ಚಿದರೂ ಬಳೆಯಂತೆ ಕೈಯಲ್ಲೇ ನಿಲ್ಲುವುದರಿಂದ ನೆಲಕ್ಕೆ ಬೀಳುವ ಭಯವೂ ಕಡಿಮೆ. ಆದರೆ ಅದರ ಕೀಲುಗಳಲ್ಲಿ ಧೂಳು, ಬೆವರಿನ ಮಡ್ಡಿ ಕೂರುತ್ತದೆ, ತಿಂಗಳಿಗೊಮ್ಮೆ ಬ್ರಷ್ ಬೇಕು. ಲಾಕ್ ಸಡಿಲಾದರೆ ಇಕ್ಕಳ ಹಿಡಿದು ನೀವೇ ಒತ್ತಬೇಡಿ. ಹಳೆಯ ತೆಳು ಎಚ್‌ಎಂಟಿಗೆ ಅದು ಸ್ವಲ್ಪ ದಪ್ಪವೆನಿಸುತ್ತದೆ ಎಂಬುದು ನನ್ನ ಅಭಿಪ್ರಾಯ, ಹಾಕಿಸಿಕೊಂಡವರು ಒಪ್ಪುವುದಿಲ್ಲ.

ನೀವು ಕೇಳದೆ ಇದ್ದದ್ದು ಪಿನ್ನಿನ ಬಗ್ಗೆ. ಕೇಸಿನ ಎರಡು ಕಿವಿಗಳ ನಡುವೆ ಬೆಲ್ಟನ್ನು ಹಿಡಿದಿರುವ, ಒಳಗೆ ಸ್ಪ್ರಿಂಗ್ ಇರುವ ಆ ಸಣ್ಣ ಕಡ್ಡಿ. ಮೂರು ಬೆಲ್ಟ್ ಬದಲಿಸಿದ್ದೀರಿ, ಪಿನ್ ಬದಲಿಸಿದ್ದೀರಾ? ನಾನು ಬದಲಿಸಿರಲಿಲ್ಲ. ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಬರುವಾಗ, ನವನಗರ ದಾಟಿದ ಮೇಲೆ, ಮೇಲಿನ ಹಿಡಿಕೆಗೆ ಕೈ ಚಾಚಿದಾಗ ಟಿಕ್ ಎಂದು ಸದ್ದಾಯಿತು. ಹೊಸ ಬೆಲ್ಟ್, ಹೊಸ ಬಕಲ್, ಎಲ್ಲ ಸರಿ, ವಾಚು ಮಾತ್ರ ಜನರ ಕಾಲ ನಡುವೆ. ಎದುರಿಗೆ ಕುಳಿತಿದ್ದ ಹುಡುಗಿ ಎತ್ತಿಕೊಟ್ಟು, ‘ಕಾಕಾ, ಇನ್ನೂ ನಡೆಯುತ್ತಿದೆ’ ಎಂದಳು. ಬೆವರಿನ ತುಕ್ಕಿಗೆ ಸ್ಪ್ರಿಂಗ್ ಸತ್ತಿತ್ತು. ಈಗ ಬೆಲ್ಟ್ ಬದಲಿಸಿದಾಗಲೆಲ್ಲ ಎರಡೂ ಪಿನ್ ಹೊಸವು. ಹಾಕಿದ ಮೇಲೆ ಬೆಲ್ಟನ್ನು ಒಮ್ಮೆ ಎಳೆದು, ಒಮ್ಮೆ ಹೊರಳಿಸಿ ನೋಡಿ. ತುದಿ ಕಿವಿಯ ತೂತಿನೊಳಗೆ ಕೂತಿಲ್ಲದಿದ್ದರೆ ಆಗಲೇ ಕಳಚುತ್ತದೆ.

ಅಂಗಡಿಗೆ ಹೋಗುವ ಮೊದಲು ಎರಡು ಅಳತೆ ತೆಗೆದುಕೊಳ್ಳಿ, ಮಿಲಿಮೀಟರಿನಲ್ಲಿ. ಒಂದು ಕಿವಿಗಳ ನಡುವಿನದು. ಅದು 18 ಇದ್ದರೆ 18ರದ್ದೇ ಕೇಳಿ, 20ರದ್ದನ್ನು ಒತ್ತಿ ತೂರಿಸಲು ಬಿಡಬೇಡಿ, ಅಂಚು ಮುದುಡಿ ಅಲ್ಲಿಂದಲೇ ಹರಿಯುತ್ತದೆ. ಇನ್ನೊಂದು ಬಕಲ್ ಕೂರುವ ತುದಿಯದು. ಬೆಲ್ಟ್ ಕಿರಿದಾಗುತ್ತ ಹೋಗುವುದರಿಂದ 18ರ ಬೆಲ್ಟಿಗೆ ಸಾಮಾನ್ಯವಾಗಿ 16ರ ಬಕಲ್. ಈ ಎರಡನೆಯ ಅಳತೆ ಏಕೆಂದರೆ, ತಂದೆಯವರ ಹಳೆಯ ಬೆಲ್ಟ್ ಮನೆಯಲ್ಲಿ ಎಲ್ಲಾದರೂ ಉಳಿದಿದ್ದರೆ ಅದರ ಬಕಲ್ ನೋಡಿ. ಎಚ್‌ಎಂಟಿ ಎಂಬ ಅಕ್ಷರಗಳಿದ್ದರೆ ಎಸೆಯಬೇಡಿ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ಶುರುವಾದ ವಾಚಿನ ಕೆಲಸ ಮೊದಲಿನಂತೆ ಉಳಿದಿಲ್ಲ, ತುಮಕೂರಿನ ಕಾರ್ಖಾನೆಯೂ 2016ರಲ್ಲಿ ಮುಚ್ಚಿತು. ಆ ಬಕಲನ್ನು ತೊಳೆದು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಹೋಗಿ, ಹೊಸ ಬೆಲ್ಟಿಗೆ ಅದನ್ನೇ ಕೂರಿಸಲು ಹೇಳಿ. ಐದು ನಿಮಿಷದ ಕೆಲಸ. ನಿಮ್ಮ ಕಣ್ಣೆದುರಿಗೇ ಮಾಡಿಸಿ.