ತಂಗಿಯ ಎಲೆ ನೋಡಿ ಅಕ್ಕನನ್ನು ಅಳೆಯಬೇಡಿ

ಮಧ್ಯ ಕರ್ನಾಟಕದ ಒಂದು ಪಟ್ಟಣದ ಪ್ರೌಢಶಾಲಾ ಶಿಕ್ಷಕಿ. ವಯಸ್ಸು ಮೂವತ್ತು ದಾಟಿದೆ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಇಲ್ಲಿ ಅವರನ್ನು ಸುಮಾ ಎಂದು ಕರೆಯುತ್ತೇನೆ.

ಸುಮಾ ನನ್ನ ಬಳಿ ಸಲಹೆಗೆ ತಾವಾಗಿ ಬಂದವರಲ್ಲ, ತಾಯಿ ಕರೆತಂದಿದ್ದರು. "ಇವಳಿಗೆ ಬಾಯಿ ಕಟ್ಟುವುದನ್ನು ಕಲಿಸಿಕೊಡಿ" ಎಂಬುದು ತಾಯಿಯ ಬೇಡಿಕೆ. ಅದರ ಹಿಂದೆಯೇ ತಂಗಿಯ ಪ್ರಸ್ತಾಪ ಬಂತು. ಅವಳು ಮೂರು ಹೋಳಿಗೆಗೆ ತುಪ್ಪ ಸುರಿದುಕೊಂಡು ತಿಂದರೂ ಮೈಗೆ ಹಿಡಿಯುವುದಿಲ್ಲ, ಇವಳಿಗೆ ಒಂದು ತಿಂದರೂ ಹಿಡಿಯುತ್ತದೆ. ಆದರೂ ಇವಳಿಗೆ ಬುದ್ಧಿ ಬರುವುದಿಲ್ಲ. ಮಗಳು ತಲೆ ತಗ್ಗಿಸಿ ಕೇಳುತ್ತಿದ್ದರು. ತಾಯಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿದ ಮೇಲೆಯೇ ಅವರು ಬಾಯಿ ತೆರೆದದ್ದು.

ಮದುವೆ ಮನೆಯಲ್ಲಿ ಬಡಿಸುವವರ ಕೈ ತನ್ನ ಎಲೆಯ ಮುಂದೆ ಬಂದಾಗ ಒಂದು ಕ್ಷಣ ತಡೆಯುತ್ತದೆ ಎಂದರು. ಯಾರಾದರೂ ಏನಾದರೂ ಅನ್ನುವ ಮೊದಲೇ ತಾವೇ "ಸಾಕು" ಎಂದುಬಿಡುತ್ತಾರೆ. ಮನೆಗೆ ಬಂದು, ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯ ದೀಪ ಹಾಕದೆ, ಉಳಿದದ್ದನ್ನು ಡಬ್ಬಿಯಿಂದಲೇ ತಿನ್ನುತ್ತಾರೆ. ಹೊಟ್ಟೆ ನೋಯುವವರೆಗೂ ಕೈ ನಿಲ್ಲುವುದಿಲ್ಲ. ಮರುದಿನ ಪ್ರಾಯಶ್ಚಿತ್ತವೆಂದು ತಿಂಡಿ ಬಿಡುತ್ತಾರೆ. ಸೋಮವಾರ, ಶನಿವಾರ, ಏಕಾದಶಿಯ ಉಪವಾಸಗಳು ಒಂದೊಂದಾಗಿ ಸೇರಿಕೊಂಡಿದ್ದವು. ಉಪವಾಸದ ದಿನದ ರಾತ್ರಿಯೇ ಹೆಚ್ಚು ಕಷ್ಟ ಎಂದೂ ಅವರೇ ಹೇಳಿದರು.

ಅವರ ಕೈಚೀಲದಲ್ಲಿ ಎರಡು ವಸ್ತುಗಳಿದ್ದವು. ಒಂದು, "ಕಾರ್ಟಿಸಾಲ್ ಇಳಿಸಿ ಹೊಟ್ಟೆ ಕರಗಿಸುವ" ಪುಡಿಯ ಪೊಟ್ಟಣ, ಮೊಬೈಲಿನ ಜಾಹೀರಾತು ನೋಡಿ ತರಿಸಿದ್ದು. ಕಾರ್ಟಿಸಾಲ್ ಎಂದರೆ ಒತ್ತಡದ ಹಾರ್ಮೋನು. ಇನ್ನೊಂದು, ಬೆಳಗಿನ ಎಂಟು ಗಂಟೆಗೆ ರಕ್ತ ಕೊಟ್ಟು ಮಾಡಿಸಿದ ಕಾರ್ಟಿಸಾಲ್ ಪರೀಕ್ಷೆಯ ವರದಿ. ಅಂಕಿ ಸಾಮಾನ್ಯ ಮಿತಿಯೊಳಗಿತ್ತು. "ಹಾರ್ಮೋನು ಸರಿಯಾಗಿದೆಯಂತೆ. ಹಾಗಾದರೆ ತಪ್ಪು ನನ್ನದೇ, ಅಲ್ಲವೇ?" ಎಂದು ಕೇಳಿದರು.

ಈ ಪ್ರಶ್ನೆಗೆ ಉತ್ತರ ಕೊಡುವುದರಲ್ಲಿಯೇ ಮೊದಲ ಭೇಟಿ ಮುಗಿಯಿತು. ಆ ಸಮಯ ವ್ಯರ್ಥವಾಯಿತೆಂದು ನಾನು ಭಾವಿಸುವುದಿಲ್ಲ. ತನ್ನ ದೇಹವನ್ನು ಅಪರಾಧಿಯೆಂದು ಕಟಕಟೆಯಲ್ಲಿ ನಿಲ್ಲಿಸಿಕೊಂಡವರಿಗೆ ಯಾವ ಊಟದ ಪಟ್ಟಿಯೂ ಉಪಯೋಗಕ್ಕೆ ಬರುವುದಿಲ್ಲ.

ಕಾರ್ಟಿಸಾಲ್ ದಿನವಿಡೀ ಒಂದೇ ಮಟ್ಟದಲ್ಲಿರುವುದಿಲ್ಲ. ನಿದ್ದೆಯಿಂದ ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ ಶಿಖರಕ್ಕೇರಿ, ಮಧ್ಯರಾತ್ರಿಯ ಹೊತ್ತಿಗೆ ತೀರಾ ಇಳಿದಿರುತ್ತದೆ. ಒತ್ತಡ ಬಂದಾಗ ಏರುತ್ತದೆ, ಊಟವಾದ ಮೇಲೂ ಸ್ವಲ್ಪ ಏರುತ್ತದೆ. ಸ್ಥೂಲಕಾಯದವರಲ್ಲಿ, ಅದರಲ್ಲೂ ಹೊಟ್ಟೆಯ ಸುತ್ತ ಕೊಬ್ಬು ಸೇರಿದವರಲ್ಲಿ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಹೆಚ್ಚು ಕಾರ್ಟಿಸಾಲ್ ಉತ್ಪಾದಿಸುತ್ತದೆ. ದೇಹ ಅದನ್ನು ಅಷ್ಟೇ ಬೇಗ ವಿಸರ್ಜಿಸುತ್ತದೆ. ಹೀಗಾಗಿ ರಕ್ತದ ಅಂಕಿ ಎಂದಿನಂತೆಯೇ, ಕೆಲವೊಮ್ಮೆ ಕಡಿಮೆಯಾಗಿಯೂ ಕಾಣುತ್ತದೆ. ಇದರ ಮೇಲೆ ಕೊಬ್ಬಿನ ಅಂಗಾಂಶದಲ್ಲಿ ಒಂದು ಕಿಣ್ವವಿದೆ. ಅದು ನಿಷ್ಕ್ರಿಯವಾದ ಕಾರ್ಟಿಸೋನನ್ನು ಅಲ್ಲೇ ಮತ್ತೆ ಕಾರ್ಟಿಸಾಲ್ ಆಗಿ ಬದಲಿಸುತ್ತದೆ. ಇದೊಂದೂ ಆ ಎಂಟು ಗಂಟೆಯ ರಕ್ತದಲ್ಲಿ ಕಾಣುವುದಿಲ್ಲ. ಆ ವರದಿ ಸುಮಾ ಅವರನ್ನು ತಪ್ಪಿತಸ್ಥರೆಂದೂ ಹೇಳುತ್ತಿರಲಿಲ್ಲ, ನಿರ್ದೋಷಿಯೆಂದೂ ಹೇಳುತ್ತಿರಲಿಲ್ಲ.

ಒತ್ತಡದ ಇನ್ನೊಂದು ಹಾರ್ಮೋನು ನಾರ್‌ಅಡ್ರಿನಲಿನ್. ಉಪವಾಸದಲ್ಲಿ ಅದನ್ನು ಸುರಿಸುವ, ದೇಹವನ್ನು ತುರ್ತಿಗೆ ಸಜ್ಜುಗೊಳಿಸುವ ಅನುವೇದಕ (ಸಿಂಪಥೆಟಿಕ್) ನರಮಂಡಲ ಮಂಕಾಗುತ್ತದೆ, ಅತಿಯಾಗಿ ಉಣಿಸಿದಾಗ ಚುರುಕಾಗುತ್ತದೆ ಎಂಬುದನ್ನು 1970ರ ದಶಕದಲ್ಲಿ ಅಮೆರಿಕದ ಸಂಶೋಧಕರಾದ ಯಂಗ್ ಮತ್ತು ಲ್ಯಾಂಡ್ಸ್‌ಬರ್ಗ್ ಇಲಿಗಳಲ್ಲಿ ತೋರಿಸಿದರು. ಮನುಷ್ಯರಲ್ಲೂ ಊಟದ ನಂತರ ಇನ್ಸುಲಿನ್ ಏರಿದಾಗ ಈ ನರಗಳು ಎಚ್ಚೆತ್ತು, ತಿಂದದ್ದರ ಒಂದು ಪಾಲು ಶಾಖವಾಗಿ ಖರ್ಚಾಗುತ್ತದೆ. ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದ ಅನೇಕರಲ್ಲಿ ಈ ಏರಿಕೆ ಸಪ್ಪೆಯಾಗಿರುತ್ತದೆ. ವಿಚಿತ್ರವೆಂದರೆ, ಅಂಥವರಲ್ಲಿ ಸುಮ್ಮನೆ ಕುಳಿತಿದ್ದಾಗಲೂ ಈ ನರಮಂಡಲದ ಚಟುವಟಿಕೆ ಆಗಲೇ ಹೆಚ್ಚಾಗಿರುತ್ತದೆ. ರಕ್ತದೊತ್ತಡ ಏರಿಸುವಷ್ಟು ಚಟುವಟಿಕೆ ಇದೆ, ಹೆಚ್ಚುವರಿ ಊಟವನ್ನು ಕರಗಿಸುವ ಚುರುಕು ಮಾತ್ರ ಇಲ್ಲ.

ನಂತರ ತಾಯಿಯನ್ನು ಒಳಗೆ ಕರೆದು, 1990ರಲ್ಲಿ ಪ್ರಕಟವಾದ ಕೆನಡಾದ ಕ್ಲಾಡ್ ಬುಶಾರ್ ತಂಡದ ಪ್ರಯೋಗವನ್ನು ವಿವರಿಸಿದೆ. ಹನ್ನೆರಡು ಜೋಡಿ ತದ್ರೂಪಿ ಅವಳಿ ಯುವಕರಿಗೆ ವಾರಕ್ಕೆ ಆರು ದಿನದಂತೆ ಒಟ್ಟು 84 ದಿನ, ಪ್ರತಿದಿನ 1000 ಕ್ಯಾಲರಿ ಹೆಚ್ಚು ಉಣಿಸಿದರು. ಎಲ್ಲರಿಗೂ ಹೆಚ್ಚುವರಿ ಊಟ ಒಂದೇ ಪ್ರಮಾಣ. ಆದರೆ ಒಬ್ಬನ ತೂಕ 4.3 ಕಿಲೋ ಏರಿದರೆ ಇನ್ನೊಬ್ಬನದು 13.3 ಕಿಲೋ. ಒಂದೇ ಜೋಡಿಯ ಅಣ್ಣತಮ್ಮಂದಿರು ಮಾತ್ರ ಹೆಚ್ಚು ಕಡಿಮೆ ಒಬ್ಬರಂತೆ ಒಬ್ಬರು ದಪ್ಪಗಾದರು. ನಿಮ್ಮ ಇಬ್ಬರು ಹೆಣ್ಣುಮಕ್ಕಳು ತದ್ರೂಪಿ ಅವಳಿಗಳಲ್ಲ ಅಮ್ಮಾ, ಅವರ ವಂಶವಾಹಿಗಳಲ್ಲಿ ಸಾಮ್ಯ ಸರಾಸರಿ ಅರ್ಧದಷ್ಟೇ, ಎಂದೆ. ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, ತಮಗೆ ಸಕ್ಕರೆ ಕಾಯಿಲೆ ಬಂದಾಗಿನಿಂದ ಹಿರಿಯ ಮಗಳಿಗೂ ಬರುತ್ತದೆಂಬ ಭಯ ಎಂದರು. ಆ ಭಯವೇ ಇಷ್ಟು ವರ್ಷ ಬೈಗುಳವಾಗಿ ಹೊರಬರುತ್ತಿತ್ತು.

ಕಿರಿಯ ಮಗಳ ಸಕ್ಕರೆಯನ್ನೂ ಪರೀಕ್ಷಿಸಿ ಎಂದು ಆಗಲೇ ಹೇಳಿದೆ. ತೆಳ್ಳಗಿರುವುದೊಂದೇ ರಕ್ಷಣೆಯಲ್ಲ. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ಯುಡ್ಕಿನ್ ಇಬ್ಬರದ್ದೂ ದೇಹತೂಕ ಸೂಚ್ಯಂಕ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, ಬಿಎಂಐ) 22.3, ದೇಹದ ಕೊಬ್ಬಿನ ಅಂಶ ಮಾತ್ರ ಯಾಜ್ಞಿಕ್ ಅವರಲ್ಲಿ ಶೇ 21.2, ಯುಡ್ಕಿನ್ ಅವರಲ್ಲಿ ಶೇ 9.1. 2004ರಲ್ಲಿ ಅವರು ತಮ್ಮದೇ ಚಿತ್ರದೊಂದಿಗೆ ಇದನ್ನು ಪ್ರಕಟಿಸಿದರು. ಭಾರತೀಯ ಮಹಿಳೆಯರ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಿದರೆ ತೂಕ ಎಷ್ಟೇ ಇರಲಿ, ಎಚ್ಚರ ಬೇಕು.

ಸುಮಾ ಅವರನ್ನು ಮೊದಲು ವೈದ್ಯರ ಬಳಿ ಕಳುಹಿಸಿದೆ. ರಕ್ತದೊತ್ತಡ, ಮೂರು ತಿಂಗಳ ಸರಾಸರಿ ಸಕ್ಕರೆ, ಥೈರಾಯ್ಡ್ ನೋಡಿಸಿದೆವು. ಕಾರ್ಟಿಸಾಲ್ ನಿಜವಾಗಿಯೂ ಮಿತಿಮೀರುವ ಕುಶಿಂಗ್ ಕಾಯಿಲೆಯ ಲಕ್ಷಣಗಳು, ಅಂದರೆ ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆಗಳು, ಸುಲಭವಾಗಿ ಚರ್ಮ ಕಂದುವುದು, ಕುಳಿತಲ್ಲಿಂದ ಏಳಲಾಗದಂಥ ತೊಡೆಯ ನಿಶ್ಶಕ್ತಿ, ಯಾವುದೂ ಅವರಲ್ಲಿರಲಿಲ್ಲ. ಹಿಡಿತ ತಪ್ಪಿ ತಿನ್ನುವುದು ವಾರಕ್ಕೊಮ್ಮೆಯಾದರೂ ಮೂರು ತಿಂಗಳು ನಡೆದರೆ, ಅದು ಚಿಕಿತ್ಸೆ ಬೇಕಾದ ಅತಿಭಕ್ಷಣೆಯ ಕಾಯಿಲೆಯಾಗಿರಬಹುದು. ಆದ್ದರಿಂದ ಮನೋವೈದ್ಯರನ್ನೂ ಭೇಟಿಯಾದರು. ಪುಡಿಯನ್ನು ಅಂದೇ ನಿಲ್ಲಿಸಲು ಹೇಳಿದೆ.

ನಾನು ಕೊಟ್ಟ ಸಲಹೆ ಅವರು ನಿರೀಕ್ಷಿಸಿದ್ದಕ್ಕೆ ವಿರುದ್ಧವಾಗಿತ್ತು: ಹಗಲು ಹೆಚ್ಚು ತಿನ್ನಿ. 2010ರಲ್ಲಿ ಪ್ರಕಟವಾದ ಅಮೆರಿಕದ ಮನೋವಿಜ್ಞಾನಿ ಟೊಮಿಯಾಮಾ ತಂಡದ ಅಧ್ಯಯನದಲ್ಲಿ ಮೂರು ವಾರ ಊಟ ಕಡಿತಗೊಳಿಸಿದ ಮಹಿಳೆಯರ ಕಾರ್ಟಿಸಾಲ್ ಏರಿತ್ತು. ಕ್ಯಾಲರಿ ಲೆಕ್ಕ ಬರೆದಿಡುವುದೇ ಮನಸ್ಸಿನ ಒತ್ತಡವನ್ನು ಹೆಚ್ಚಿಸಿತ್ತು. ಸುಮಾ ಅವರ ದಿನಚರಿಯಲ್ಲಿ ಮಧ್ಯಾಹ್ನದ ಡಬ್ಬಿಗೂ ರಾತ್ರಿಯ ಊಟಕ್ಕೂ ನಡುವೆ ಏನೇನೂ ಇರಲಿಲ್ಲ. ಬೆಳಗಿನ ತಿಂಡಿ ತಪ್ಪಿಸಬಾರದು, ಶಾಲೆ ಬಿಟ್ಟ ಕೂಡಲೇ ಹುರಿಗಡಲೆಯೋ ಬಾಳೆಹಣ್ಣೋ ಮಜ್ಜಿಗೆಯೋ ಆಗಬೇಕು, ರಾತ್ರಿ ಎಲ್ಲರೊಂದಿಗೆ ಕುಳಿತು ಉಣ್ಣಬೇಕು ಎಂದು ನಿರ್ಧರಿಸಿದೆವು. ವ್ರತ ಭಕ್ತಿಗಾಗಿ ಇರಲಿ, ದಂಡನೆಗಾಗಿ ಬೇಡ. ನಡುರಾತ್ರಿ ತಿನ್ನಬೇಕೆನಿಸಿದರೆ ದೀಪ ಹಾಕಿ, ತಟ್ಟೆಗೆ ಬಡಿಸಿಕೊಂಡು, ಕುಳಿತು ತಿನ್ನಿ. ಮರುದಿನದ ತಿಂಡಿ ಎಂದಿನಂತೆಯೇ ಆಗಲಿ. ಈ ಕೊನೆಯ ಮಾತಿಗೆ ಅವರು ಅತ್ತರು. ತಿನ್ನಲು ಅನುಮತಿ ಕೊಟ್ಟವರು ಬಹಳ ಕಾಲದಿಂದ ಯಾರೂ ಇರಲಿಲ್ಲ.

ತಾಯಿಗೆ ಹೇಳಿದ್ದು ಎರಡೇ ಮಾತು. ತಟ್ಟೆಯ ಬಗ್ಗೆ, ತೂಕದ ಬಗ್ಗೆ, ತಂಗಿಯ ಬಗ್ಗೆ ಊಟದ ಹೊತ್ತಿನಲ್ಲಿ ಮಾತು ಬೇಡ. ಸಂಜೆ ಇಬ್ಬರೂ ಒಟ್ಟಿಗೆ ನಡೆಯಲು ಹೋಗಿ. ತಾಯಿ ಪ್ರಯತ್ನಿಸುತ್ತಿದ್ದಾರೆ, ಆಗಾಗ ತಪ್ಪುತ್ತಾರೆ.

ಕೆಲವು ತಿಂಗಳಲ್ಲಿ ರಾತ್ರಿಯ ತಿನ್ನುವಿಕೆ ಬಹಳ ಕಡಿಮೆಯಾಯಿತು, ನಿದ್ದೆ ಸುಧಾರಿಸಿತು. ತೂಕ ಹೆಚ್ಚೇನೂ ಇಳಿದಿಲ್ಲ. ಅದನ್ನು ಸೋಲೆಂದು ಪರಿಗಣಿಸಲು ನಾನು ಸಿದ್ಧಳಿಲ್ಲ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನದ ದಿನಗಳಲ್ಲಿ ಹಳೆಯ ಅಭ್ಯಾಸ ಮರಳಿತು, ಈ ಬಾರಿ ಅವರೇ ಫೋನ್ ಮಾಡಿ ಹೇಳಿದರು.

ಇಂಥ ತೊಂದರೆ ಇರುವವರು ಹತ್ತಿರದಲ್ಲಿ ಸಲಹೆಗಾರರಿಲ್ಲದಿದ್ದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಉಚಿತ ಸೇವೆ, ಕನ್ನಡದಲ್ಲೇ ಮಾತನಾಡಬಹುದು.